ತೂಬಿನ ಆಚೆಯ ನೀರು

ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ನೆಲಸಿರುವ ಕನ್ನಡ ಕುಟುಂಬಗಳಿಗೆ ಈ ಎರಡು ನಗರಗಳ ನಡುವಣ ಕರಾವಳಿಯ ಹೆದ್ದಾರಿ ಚಿರಪರಿಚಿತ. ಆಲಪ್ಪುಳ, ಅಂಬಲಪ್ಪುಳಗಳನ್ನು ದಾಟಿ ದಕ್ಷಿಣಕ್ಕೆ ಹೊರಟರೆ ತೋಟ್ಟಪ್ಪಳ್ಳಿ ಎಂಬಲ್ಲಿ ಒಂದು ಉದ್ದನೆಯ ಸೇತುವೆ ಬರುತ್ತದೆ. ಎಡಕ್ಕೆ ಕುಟ್ಟನಾಡಿನ ನೀರು, ಬಲಕ್ಕೆ ತುಸು ದೂರದಲ್ಲೇ ಅರಬ್ಬೀ ಸಮುದ್ರ. ಸೇತುವೆಯ ಅಡಿಯಲ್ಲಿ ಸಾಲಾಗಿ 40 ಬಾಗಿಲುಗಳಿವೆ. 1955ರಲ್ಲಿ ಬಳಕೆಗೆ ಬಂದ ಇದನ್ನು ಇಲ್ಲಿಯವರು ‘ಸ್ಪಿಲ್‌ವೇ’ ಎನ್ನುತ್ತಾರೆ. ನಮ್ಮ ಕೆರೆಗಳ ಭಾಷೆಯಲ್ಲಿ ಹೇಳುವುದಾದರೆ, ಇದು ಕುಟ್ಟನಾಡಿಗೆ ಇಟ್ಟ ಬಾಗಿಲುಳ್ಳ ಕೋಡಿ. ಈ ಬಾಗಿಲುಗಳ ಕಥೆಯಲ್ಲಿ ನಮ್ಮ ನಾಡಿನ ಕೆರೆಗಳಿಗೂ ಸಂಬಂಧಿಸಿದ ಒಂದು ಪಾಠವಿರುವುದರಿಂದ ಅದನ್ನು ಇಲ್ಲಿ ಹೇಳಬಯಸುತ್ತೇವೆ.

ಕೆರೆಗೆ ಏರಿ, ತೂಬು, ಕೋಡಿ ಈ ಮೂರೂ ಬೇಕೆಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿದ್ದ ಸಂಗತಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಆಂಧ್ರದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಬಳಿ 1369ರ ಒಂದು ಸಂಸ್ಕೃತ ಶಾಸನವಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟಬಹುದಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಆ ಕೆರೆಗೆ ದಿನಕ್ಕೆ ಸಾವಿರ ಆಳುಗಳು, ನೂರು ಬಂಡಿಗಳು, ಎರಡು ವರ್ಷ ಬೇಕಾದವಂತೆ. ಆರು ದೋಷಗಳಲ್ಲಿ ಎರಡನ್ನು ಓದುಗರು ನೆನಪಿನಲ್ಲಿಡಬೇಕು: ಒಂದು, ಉಪ್ಪು ನೆಲ, ಇನ್ನೊಂದು, ನೀರು ಹೆಚ್ಚಾಗಿ ನೆಲ ಕಡಿಮೆಯಾಗಿರುವುದು. ಕುಟ್ಟನಾಡನ್ನು ನೋಡಿ ಬಂದವರು ಬರೆದ ಮಾತಿನಂತೆಯೇ ಇವು ಕೇಳಿಸುತ್ತವೆ.

ಬಾಗಿಲುಗಳ ವಿಷಯದಲ್ಲಿ ಕನ್ನಡಿಗರು ಹೆಮ್ಮೆ ಪಡುವ ಹೆಸರು ಸರ್ ಎಂ. ವಿಶ್ವೇಶ್ವರಯ್ಯನವರದು. ಅವರು ಮುಂಬಯಿ ಪ್ರಾಂತದ ಸೇವೆಯಲ್ಲಿದ್ದಾಗ ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಅಳವಡಿಸಲಾಯಿತು. ನೀರು ಗೊತ್ತುಪಡಿಸಿದ ಮಟ್ಟಕ್ಕೆ ಏರಿದೊಡನೆ ಬಾಗಿಲು ತಾನೇ ತೆರೆಯುವುದು, ಇಳಿದೊಡನೆ ತಾನೇ ಮುಚ್ಚುವುದು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸಲು ಇದರಿಂದ ಸಾಧ್ಯವಾಯಿತು. 1911ರಲ್ಲಿ ಕೆಲಸ ಆರಂಭವಾದ ನಮ್ಮ ಕನ್ನಂಬಾಡಿ ಕಟ್ಟೆಯಲ್ಲೂ ಇಂತಹ ಬಾಗಿಲುಗಳಿವೆ. ಅಲ್ಲಿ ಹೊರಬಿದ್ದ ನೀರು ಬಹಳ ಕೆಳಗಿರುವ ಕಾವೇರಿಯ ಪಾತ್ರಕ್ಕೆ ಧುಮುಕಿ ಹೋಗುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಯಾವುದೂ ಇಲ್ಲ.

ತೋಟ್ಟಪ್ಪಳ್ಳಿಯಲ್ಲಿ ಹಾಗಿಲ್ಲ. ಏಕೆಂದು ತಿಳಿಯಲು ಕಾಲೇಜಿನಲ್ಲಿ ಓದಿದ ಭೌತವಿಜ್ಞಾನವನ್ನು ತುಸು ನೆನೆಯಬೇಕು. ಇಟಲಿಯ ಟಾರಿಸೆಲ್ಲಿ 1644ರಲ್ಲಿ ಪ್ರಕಟಿಸಿದ ನಿಯಮದಂತೆ, ರಂಧ್ರದಿಂದ ಹೊರಬರುವ ನೀರಿನ ವೇಗವು ಅದರ ಮೇಲಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಬಾಗಿಲನ್ನು ಒಂದು ಅಡಿ ಎತ್ತಿದರೆ ಅಡಿಯಿಂದ ಬರುವ ನೀರು ಒಂದು ಅಡಿ ದಪ್ಪ ಇರುವುದಿಲ್ಲ. ಬಾಗಿಲಿನ ಅಂಚಿನಲ್ಲಿ ಬಾಗಿ, ಸ್ವಲ್ಪ ಮುಂದೆ ಸುಮಾರು 0.6 ಅಡಿಗೆ ತೆಳುವಾಗಿ, ರಭಸದಿಂದ ಓಡುತ್ತದೆ. ಆ ತೆಳು ನೀರು ಮುಂದಿನ ನಿಧಾನವಾದ ನೀರನ್ನು ಸೇರುವೆಡೆ ನೊರೆಯೆದ್ದು ಮೇಲಕ್ಕೆ ಜಿಗಿಯುತ್ತದೆ. ಈ ಜಿಗಿತವನ್ನು ಟ್ಯೂರಿನ್ ನಗರದ ಬಿಡೋನೆ ಎಂಬಾತನು ಅಳೆದು 1820ರಲ್ಲಿ ಪ್ರಕಟಿಸಿದನು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗಾಜಿನ ಗೋಡೆಯ ಕಾಲುವೆಯಲ್ಲಿ ಇದನ್ನೆಲ್ಲ ಕಣ್ಣಾರೆ ನೋಡಬಹುದು. ಆ ಕಾಲುವೆಯ ಕೊನೆಯಲ್ಲಿ ಇನ್ನೊಂದು ಚಿಕ್ಕ ಹಲಗೆ ಇರುತ್ತದೆ. ಅದನ್ನು ಏರಿಸುತ್ತ ಬಂದರೆ ಕೆಳಗಿನ ನೀರು ನಿಂತು ಏರುತ್ತದೆ, ಜಿಗಿತವು ಹಿಂದಕ್ಕೆ ಸರಿಯುತ್ತ ಬಂದು ಕೊನೆಗೆ ಬಾಗಿಲಿನ ಬುಡವನ್ನೇ ಮುಳುಗಿಸುತ್ತದೆ. ಆ ಬಳಿಕ ಲೆಕ್ಕಕ್ಕೆ ಬರುವುದು ಮೇಲಿನ ನೀರಿನ ಪೂರ್ಣ ಎತ್ತರವಲ್ಲ, ಎರಡು ಕಡೆಯ ಮಟ್ಟಗಳ ಅಂತರ ಮಾತ್ರ. 4 ಮೀಟರ್ ಎತ್ತರದ ನೀರು ತಡೆಯಿಲ್ಲದೆ ಹೊರಬಿದ್ದರೆ ಸೆಕೆಂಡಿಗೆ ಹೆಚ್ಚುಕಡಿಮೆ 9 ಮೀಟರ್ ವೇಗ ಪಡೆಯುತ್ತದೆ. ಎರಡು ಕಡೆಯ ಅಂತರ 10 ಸೆಂಟಿಮೀಟರ್ ಮಾತ್ರ ಇದ್ದರೆ ವೇಗ 1.4 ಮೀಟರಿಗೆ ಇಳಿಯುತ್ತದೆ. ಬಾಗಿಲು ಅದೇ, ಎತ್ತಿದ ಎತ್ತರವೂ ಅದೇ. ಹೊರಹೋಗುವ ನೀರು ಮಾತ್ರ ಆರನೆಯ ಒಂದು ಪಾಲಿಗಿಂತ ಕಡಿಮೆ.

ತೋಟ್ಟಪ್ಪಳ್ಳಿಯ ಕೊನೆಯ ಹಲಗೆ ಎಂದರೆ ಸಮುದ್ರವೇ. ಅದನ್ನು ಇಳಿಸುವ ಕೈ ಯಾರಿಗೂ ಇಲ್ಲ. ಭರತದ ಹೊತ್ತಿನಲ್ಲಿ ಹೊರಗಿನ ನೀರು ಏರುತ್ತದೆ. ಬೇಸಗೆಯಲ್ಲಿ ಅಲೆಗಳು ತಂದು ಹಾಕಿದ ಮರಳು ಅಳಿವೆಯ ಬಾಯಿಯನ್ನೇ ಮುಚ್ಚುತ್ತದೆ. ಮಳೆಗಾಲದಲ್ಲಿ ಆ ಮರಳದಿಣ್ಣೆಯನ್ನು ಕಡಿದು ದಾರಿ ಮಾಡಬೇಕು. ಇದರ ಜೊತೆಗೆ ಕುಟ್ಟನಾಡಿನಿಂದ ಬಾಗಿಲವರೆಗೆ ನೀರು ತರುವ ಕಾಲುವೆ ಕಿರಿದು, ಹೂಳು ತುಂಬಿದ್ದು. ಪಂಪಾ, ಮಣಿಮಲ, ಅಚ್ಚನ್‌ಕೋವಿಲ್ ನದಿಗಳ ಪ್ರವಾಹವನ್ನು ಸಮುದ್ರಕ್ಕೆ ಸಾಗಿಸಲು ಸೆಕೆಂಡಿಗೆ 1,800 ಘನಮೀಟರಿಗೂ ಹೆಚ್ಚಿನ ಸಾಮರ್ಥ್ಯ ಇರಲೆಂದು ಯೋಜಿಸಿದ ಈ ಕಟ್ಟಡದಿಂದ ಹೊರಹೋದದ್ದು ಸುಮಾರು 600 ಘನಮೀಟರಿನ ಆಸುಪಾಸು, ಅಂದರೆ ಮೂರನೆಯ ಒಂದು ಪಾಲು.

ಉತ್ತರದಲ್ಲಿ ವೇಂಬನಾಡು ಕಾಯಲಿಗೆ ಅಡ್ಡಲಾಗಿ, ಒಂದು ಕಿಲೋಮೀಟರಿಗೂ ಉದ್ದವಾಗಿ, ತಣ್ಣೀರ್‌ಮುಕ್ಕಂ ಕಟ್ಟೆ ಇದೆ. ಅದರ ಕೆಲಸ ಇದಕ್ಕೆ ತಿರುಗು ಮುರುಗು: ಕೊಚ್ಚಿಯ ಅಳಿವೆಯಿಂದ ಒಳನುಗ್ಗುವ ಉಪ್ಪುನೀರನ್ನು ತಡೆಯುವುದು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಗದ್ದೆಗಳಿಗೆ ಉಪ್ಪು ತಟ್ಟದಂತೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಬಾಗಿಲು ಮುಚ್ಚಬೇಕೆಂಬುದು ಮೂಲ ಏರ್ಪಾಡು. 1970ರ ದಶಕದಲ್ಲಿ ಎರಡು ಪಕ್ಕಗಳಿಗೆ ಬಾಗಿಲು ಬಂದವು. ನಡುವಣ ಭಾಗವು ಬಹುಕಾಲ ಮಣ್ಣಿನ ಒಡ್ಡಿನಲ್ಲೇ ಕಳೆಯಿತು. ಅಲ್ಲಿಗೂ ಬಾಗಿಲು ಬಂದದ್ದು 2018ರ ಸುಮಾರಿಗೆ. ಬಾಗಿಲು ಮುಚ್ಚಿದರೆ ರೈತನಿಗೆ ಬೆಳೆ. ಆದರೆ ನೀರು ನಿಂತು ಕೊಳೆ ಕೂಡುತ್ತದೆ, ಅಂತರಗಂಗೆ ಹಬ್ಬುತ್ತದೆ. ಮರಿಮಾಡಲು ಉಪ್ಪುನೀರಿನತ್ತ ಇಳಿಯಬೇಕಾದ ದೊಡ್ಡ ಸಿಗಡಿಗೆ ದಾರಿ ಇಲ್ಲದಾಗಿ, ಬಲೆ ಬೀಸುವವನ ಬುಟ್ಟಿ ಬರಿದಾಗುತ್ತದೆ. ಇಬ್ಬರ ವಾದವೂ ನ್ಯಾಯವಾದದ್ದೇ.

2018ರ ಆಗಸ್ಟಿನ ಮಹಾಪ್ರವಾಹದಲ್ಲಿ ಕುಟ್ಟನಾಡಿನ ಲಕ್ಷಾಂತರ ಜನ ಮನೆಮಠ ಬಿಟ್ಟು ದೋಣಿ ಹತ್ತಬೇಕಾಯಿತು. ‘ಬಾಗಿಲು ತೆರೆದರೆ ಸಾಲದೆ?’ ಎಂದು ಕೇಳುವುದು ಸುಲಭ. ಬಾಗಿಲಿಗೆ ನೀರು ಬಂದು ಮುಟ್ಟಲು ಅಗಲವಾದ ದಾರಿ ಇರಬೇಕು, ಮುಟ್ಟಿದ ನೀರು ಇಳಿಯಲು ಆಚೆ ತಗ್ಗು ಇರಬೇಕು. ಹೂಳೆತ್ತುವುದು, ಕಾಲುವೆಯನ್ನು ಅಗಲಿಸುವುದು, ಮರಳನ್ನು ವೇಳೆಗೆ ಸರಿಯಾಗಿ ಕಡಿಯುವುದು ಶಿಲಾಫಲಕ ಹಾಕಿಸಿಕೊಳ್ಳುವ ಕೆಲಸಗಳಲ್ಲ. ಆದರೂ 40 ಬಾಗಿಲುಗಳ ಬೆಲೆ ನಿಂತಿರುವುದು ಅವುಗಳ ಮೇಲೆಯೇ.

ನಮ್ಮ ಊರುಗಳ ನೀರಗಂಟಿಗೆ ಟಾರಿಸೆಲ್ಲಿಯ ಹೆಸರು ತಿಳಿದಿರಲಿಲ್ಲ. ಆದರೆ ತೂಬೆತ್ತುವ ಮುನ್ನ ಕಾಲುವೆಯಲ್ಲಿ ಕಸ ಕಟ್ಟಿದೆಯೇ, ಅಚ್ಚುಕಟ್ಟಿನ ಕೊನೆಯ ಗದ್ದೆಯ ಸ್ಥಿತಿ ಏನು ಎಂಬುದನ್ನು ಆತ ನಡೆದು ನೋಡಿ ಬರುತ್ತಿದ್ದ. ನಮ್ಮ ಮಕ್ಕಳು ಎಂಜಿನಿಯರಿಂಗ್ ಓದಿ ಇದಕ್ಕಿಂತ ದೊಡ್ಡ ಬಾಗಿಲುಗಳನ್ನು ಕಟ್ಟಲಿ. ಆ ನಡಿಗೆಯನ್ನು ಮಾತ್ರ ಬಿಡದಿರಲಿ.