ಡ್ರೈಯರ್ ಸದ್ದು: ಪತ್ತೆ ಮತ್ತು ದುರಸ್ತಿ

ಒದ್ದೆ ಬಟ್ಟೆಯನ್ನು ತಿರುಗುವ ಡ್ರಮ್ಮಿನಲ್ಲಿ ಹೊರಳಿಸುತ್ತ, ಬಿಸಿಗಾಳಿ ಹಾಯಿಸಿ ಒಣಗಿಸುವ ಮನೆಬಳಕೆಯ ಯಂತ್ರ ಡ್ರೈಯರ್. ಸೆಮಿ-ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನ ಪಕ್ಕದಲ್ಲಿರುವ ಸ್ಪಿನ್ ತೊಟ್ಟಿಗೂ ನಮ್ಮ ಮನೆಗಳಲ್ಲಿ ಇದೇ ಹೆಸರು ಬಳಕೆಯಲ್ಲಿದೆ. ಅದು ಬಟ್ಟೆಯನ್ನು ಹಿಂಡುತ್ತದೆ, ಬಿಸಿ ಮಾಡುವುದಿಲ್ಲ. ಅದರ ಸದ್ದಿನ ಕಾರಣಗಳೂ ಬೇರೆ. ಈ ಲೇಖನ ಅಮೆರಿಕ, ಕೆನಡಾಗಳ ಮನೆಗಳಲ್ಲಿ ಸಾಮಾನ್ಯವಾದ, ತೇವದ ಗಾಳಿಯನ್ನು ಕೊಳವೆಯ ಮೂಲಕ ಗೋಡೆಯಾಚೆ ಬಿಡುವ ಮಾದರಿಯನ್ನು ಕುರಿತದ್ದು. ಉತ್ತರ ಡಕೋಟಾದ ಜೆ. ರಾಸ್ ಮೂರ್ ರೂಪಿಸಿದ ಇಂಥ ಯಂತ್ರವನ್ನು ವಿಸ್ಕಾನ್ಸಿನ್‌ನ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ‘ಜೂನ್ ಡೇ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಅಂದಿನಿಂದ ಹೊರಮೈ ಎಷ್ಟೋ ಬದಲಾಗಿದೆ. ಒಳಗಿನ ತಿರುಗುವ ಭಾಗಗಳು ಇಂದಿಗೂ ಬೆರಳೆಣಿಕೆಯಷ್ಟೇ. ಮನೆಯಲ್ಲೇ ದುರಸ್ತಿ ಸಾಧ್ಯವಾಗುವುದು ಇದರಿಂದಲೇ.

ರಚನೆ

ಯಂತ್ರದ ತಳದಲ್ಲಿ ಒಂದು ಮೋಟಾರು. ಅದರ ದಂಡದ ಒಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಸಣ್ಣ ಪುಲ್ಲಿ, ಬಹುತೇಕ ಮಾದರಿಗಳಲ್ಲಿ ಇನ್ನೊಂದು ತುದಿಯಲ್ಲಿ ಗಾಳಿ ಎಳೆಯುವ ಬ್ಲೋವರ್ ಚಕ್ರ. ಡ್ರಮ್ಮಿನ ಹೊರಮೈಯನ್ನು ಸುತ್ತಿಬರುವ ತೆಳು ಬೆಲ್ಟು ಆ ಪುಲ್ಲಿಯನ್ನು ಬಳಸಿ ಹೋಗುತ್ತದೆ. ಬೆಲ್ಟು ಸಡಿಲಾಗದಂತೆ ಸ್ಪ್ರಿಂಗಿನ ಬಲದಿಂದ ಒತ್ತಿ ಹಿಡಿಯುವುದು ಐಡ್ಲರ್ ಪುಲ್ಲಿ. ಡ್ರಮ್ಮಿನ ಹಿಂಬದಿಯ ಭಾರ ಎರಡು ರಬ್ಬರ್ ರೋಲರುಗಳ ಮೇಲೆ ಕೂರುತ್ತದೆ. ಮುಂಬದಿಯ ಅಂಚು ಪ್ಲಾಸ್ಟಿಕ್ ಜಾರುಪಟ್ಟಿಗಳ ಮೇಲೆ ಇಲ್ಲವೇ ಇನ್ನೆರಡು ರೋಲರುಗಳ ಮೇಲೆ ಸಾಗುತ್ತದೆ. ಕೆಲವು ಮಾದರಿಗಳಲ್ಲಿ ಹಿಂದೆ ರೋಲರುಗಳ ಬದಲು ನಡುವಿನಲ್ಲಿ ಒಂದೇ ಬೇರಿಂಗ್ ಇರುತ್ತದೆ. ಡ್ರಮ್ಮಿನ ಎರಡೂ ಅಂಚುಗಳಲ್ಲಿ ಗಾಳಿ ಸೋರದಂತೆ ಫೆಲ್ಟ್ ಪಟ್ಟಿ ಅಂಟಿಸಿರುತ್ತಾರೆ.

ಸದ್ದಿನ ಲಯ

ಸದ್ದು ಎಷ್ಟು ಜೋರು ಎಂಬುದಕ್ಕಿಂತ ಎಷ್ಟು ಬೇಗ ಮರುಕಳಿಸುತ್ತದೆ ಎಂಬುದೇ ಹೆಚ್ಚು ಹೇಳುತ್ತದೆ. ಡ್ರಮ್ ನಿಮಿಷಕ್ಕೆ ಸುಮಾರು 50 ಸುತ್ತು ತಿರುಗುತ್ತದೆ. ಆದ್ದರಿಂದ ಸೆಕೆಂಡಿಗೊಮ್ಮೆ ಎಂಬಂತೆ ಬರುವ ಬಡಿತದ ಮೂಲ ಡ್ರಮ್ಮಿನಲ್ಲಿ, ಅದರ ಫೆಲ್ಟಿನಲ್ಲಿ ಅಥವಾ ಒಳಗಿನ ಬಟ್ಟೆಯಲ್ಲಿ ಇರುತ್ತದೆ. ಬೆಲ್ಟೂ ಡ್ರಮ್ಮಿನ ಜೊತೆಗೇ ಸುತ್ತುವುದರಿಂದ ಅದರ ಮೇಲಿನ ಒಂದು ಗಂಟು ಹೆಚ್ಚುಕಡಿಮೆ ಅದೇ ಲಯದಲ್ಲಿ ತಟ್ಟುತ್ತದೆ. ರೋಲರಿನ ವ್ಯಾಸ ಡ್ರಮ್ಮಿನ ಒಂಬತ್ತನೆಯ ಒಂದು ಪಾಲಿನಷ್ಟಿದ್ದರೆ ಅದು ಸೆಕೆಂಡಿಗೆ ಏಳೆಂಟು ಬಾರಿ ಉರುಳುತ್ತದೆ. ಚಪ್ಪಟೆಯಾದ ರೋಲರಿನ ಸದ್ದು ಬಿಡಿಬಿಡಿಯಾಗಿ ಕೇಳದೆ ಗುಡುಗುಡು ಎಂದು ಕೂಡಿಕೊಂಡು ಕೇಳುವುದು ಇದರಿಂದ. 60 ಹರ್ಟ್ಸ್ ವಿದ್ಯುತ್ತಿನಲ್ಲಿ ಮೋಟಾರು ನಿಮಿಷಕ್ಕೆ ಸುಮಾರು 1,725 ಸುತ್ತು ಹಾಕುತ್ತದೆ. ಎಡೆಬಿಡದ ಮೊರೆತ, ಗರಗರ ಸದ್ದು ಬಂದರೆ ಮೋಟಾರಿನ ಬೇರಿಂಗನ್ನೋ ಬ್ಲೋವರನ್ನೋ ಶಂಕಿಸಬೇಕು. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಯಂತ್ರವನ್ನು ಒಮ್ಮೆ ಖಾಲಿಯಾಗಿ, ಒಮ್ಮೆ ಬಟ್ಟೆ ತುಂಬಿ ಓಡಿಸಿ ಕಿವಿಗೊಟ್ಟರೆ ಅರ್ಧ ಪತ್ತೆ ಅಲ್ಲೇ ಮುಗಿಯುತ್ತದೆ. ಬಿಡಿಭಾಗ ಮಾರುವವರ ವಿಡಿಯೊ ನೋಡಿ ಮೊದಲೇ ಬೆಲ್ಟು ತರಿಸಿಕೊಳ್ಳುವವರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ.

ಖಾಲಿ ಓಡಿಸಿದಾಗ ಸದ್ದು ನಿಂತರೆ ತಪ್ಪು ಹೆಚ್ಚಾಗಿ ಬಟ್ಟೆಯದು. ಜಿಪ್ಪು, ಲೋಹದ ಗುಂಡಿ, ಜೇಬಿನ ನಾಣ್ಯ ಟಣಟಣ ಎನ್ನುತ್ತವೆ. ಹಾಸಿಗೆಯ ಹೊದಿಕೆಗಳು ಹುರಿಗೊಂಡು ಮಿಕ್ಕ ಬಟ್ಟೆಯನ್ನೆಲ್ಲ ಒಳಗೆ ಸುತ್ತಿಕೊಂಡು ಉಂಡೆಯಾಗಿ ದಡದಡ ಬೀಳುತ್ತವೆ. ಅಮೆರಿಕ, ಕೆನಡಾಗಳ ಕನ್ನಡಿಗರ ಮನೆಗಳಲ್ಲಿ ಹತ್ತಿ ಸೀರೆ, ಪಂಚೆಗಳೂ ಇದೇ ಕೆಲಸ ಮಾಡುತ್ತವೆ. ಅವನ್ನು ಬಿಡಿಯಾಗಿ, ಕಡಿಮೆ ಹೊರೆಯಲ್ಲಿ ಹಾಕುವುದೇ ಮದ್ದು. ಯಂತ್ರದ ನಾಲ್ಕು ಕಾಲುಗಳೂ ನೆಲಕ್ಕೆ ತಾಗಿವೆಯೇ, ಬೆನ್ನು ಗೋಡೆಗೆ ಒರಗಿದೆಯೇ, ಮೇಲಿಟ್ಟ ಸೋಪಿನ ಡಬ್ಬಿ ಅದುರುತ್ತಿದೆಯೇ ಎಂಬುದನ್ನೂ ಇದೇ ಹೊತ್ತಿಗೆ ನೋಡಿಕೊಳ್ಳಬೇಕು.

ಸದ್ದುಗಳು, ಕಾರಣಗಳು

ತಿಂಗಳುಗಟ್ಟಲೆ ಓಡದೆ ನಿಂತ ಯಂತ್ರವನ್ನು ಚಾಲೂ ಮಾಡಿದಾಗ ಕೇಳುವ ದಡ್ ದಡ್ ಸದ್ದಿಗೆ ಹೆದರಬೇಕಿಲ್ಲ. ಒಂದೇ ಭಂಗಿಯಲ್ಲಿ ಮಡಿಸಿಕೊಂಡಿದ್ದ ಬೆಲ್ಟು, ಒಂದೇ ಕಡೆ ಭಾರ ಹೊತ್ತು ತಗ್ಗಿದ ರೋಲರು ಬಿಸಿಯೇರಿದಂತೆ ಸರಿಹೋಗುತ್ತವೆ. ಬಿಸಿಯಾದ ಮೇಲೂ ಉಳಿದರೆ ಅದು ಸವೆತ.

ಎಣ್ಣೆ ಕಾಣದ ಗಾಡಿಚಕ್ರದಂಥ ಕೀರಲು ದನಿ ಸಾಮಾನ್ಯವಾಗಿ ಐಡ್ಲರ್ ಪುಲ್ಲಿಯದು, ಇಲ್ಲವೇ ರೋಲರಿನ ದಂಡದ್ದು. ಲೋಹಕ್ಕೆ ಲೋಹ ಉಜ್ಜುವ ಕರಕರ ಸದ್ದು ಮುಂಬದಿಯಿಂದ ಬಂದರೆ ಜಾರುಪಟ್ಟಿ ಸವೆದು ಡ್ರಮ್ಮಿನ ಅಂಚು ಕೆಳಗಿಳಿದಿದೆ ಎಂದರ್ಥ. ಇದಕ್ಕೆ ಇನ್ನೊಂದು ಸಾಕ್ಷಿಯೂ ಸಿಗುತ್ತದೆ: ಬಟ್ಟೆಯ ಮೇಲೆ ಕಪ್ಪು ಅಥವಾ ಕಂದು ಗೀರು, ಕೆಲವೊಮ್ಮೆ ಅಂಚಿನ ಸಂದಿಯಲ್ಲಿ ಸಿಕ್ಕಿ ಹರಿದ ಸಣ್ಣ ಬಟ್ಟೆ. ಈ ಸದ್ದು ಕೇಳಿಯೂ ಓಡಿಸುತ್ತ ಹೋದರೆ ಡ್ರಮ್ಮೇ ಕೆಡುತ್ತದೆ. ಅದರ ಬೆಲೆ ಒಂದು ಜೊತೆ ಜಾರುಪಟ್ಟಿಯ ಬೆಲೆಯ ಎಷ್ಟೋ ಪಟ್ಟು.

ಬ್ಲೋವರಿನದು ಬೇರೆ ಕಥೆ. ಲಿಂಟ್ (ಬಟ್ಟೆಯಿಂದ ಉದುರುವ ನೂಲಿನ ಜುಂಗು) ಹಿಡಿಯುವ ಜಾಲರಿಯನ್ನು ಎಳೆದಾಗ ತೆರೆಯುವ ಸಂದಿಯಿಂದ ನಾಣ್ಯ, ಪೆನ್ನಿನ ಮುಚ್ಚಳ, ಮಗುವಿನ ಕಾಲುಚೀಲ ಕೆಳಗೆ ಜಾರಿ ಚಕ್ರದ ರೆಕ್ಕೆಗೆ ಬಡಿಯುತ್ತವೆ. ಚಕ್ರ ಪ್ಲಾಸ್ಟಿಕ್ಕಿನದಾದ್ದರಿಂದ ಮೋಟಾರಿನ ದಂಡ ಕೂರುವ ತೂತು ವರ್ಷಗಳ ಬಳಕೆಯಲ್ಲಿ ಅಗಲವಾಗಿ, ಚಕ್ರ ಲಟಲಟ ಅಲುಗತೊಡಗುತ್ತದೆ. ಕೈಯಿಂದ ಹಿಡಿದು ಅಲುಗಿಸಿ ನೋಡಿದರೆ ತಿಳಿಯುತ್ತದೆ. ಅಂಟು ಹಾಕಿ ನಿಲ್ಲಿಸುವ ಪ್ರಯತ್ನ ವ್ಯರ್ಥ, ಚಕ್ರವನ್ನೇ ಬದಲಿಸಬೇಕು. ಯಂತ್ರ ಗುಂಯ್ ಎಂದು ಮಿಡುಕಿ ಡ್ರಮ್ ತಿರುಗದಿದ್ದರೆ ಬ್ಲೋವರಿಗೆ ಏನೋ ಅಡ್ಡ ಸಿಕ್ಕಿರಬಹುದು, ಮೋಟಾರೂ ಕೆಟ್ಟಿರಬಹುದು, ಕೂಡಲೇ ನಿಲ್ಲಿಸಬೇಕು. ಯಂತ್ರ ನಿಂತಿರುವಾಗಲೂ ಗಾಳಿಯ ದಿನ ಪಟಪಟ ಕೇಳಿದರೆ ಅದು ಗೋಡೆಯಾಚೆಯ ಕೊಳವೆಯ ಮುಚ್ಚಳ.

ಬಿಚ್ಚುವುದು, ಬದಲಿಸುವುದು

ಮೊದಲು ಪ್ಲಗ್ ಕಿತ್ತಿರಬೇಕು. ಸ್ವಿಚ್ ಆರಿಸಿದರೆ ಸಾಲದು, ವಿದ್ಯುತ್ ಹೀಟರ್ ಇರುವ ಅಮೆರಿಕದ ಡ್ರೈಯರುಗಳಿಗೆ 240 ವೋಲ್ಟ್ ಬರುತ್ತದೆ. ಗ್ಯಾಸಿನ ಮಾದರಿಯಾದರೆ ಕವಾಟ ಮುಚ್ಚಿ, ಕೊಳವೆ ಜಗ್ಗದಂತೆ ಯಂತ್ರವನ್ನು ಎಳೆಯಬೇಕು. ಗ್ಯಾಸಿನ ಜೋಡಣೆಗೆ ಕೈಹಾಕುವುದು ಬೇಡ. ತಗಡಿನ ಅಂಚುಗಳು ಬ್ಲೇಡಿನಷ್ಟು ಹರಿತವಾದ್ದರಿಂದ ಕೈಗವಸು ಅಗತ್ಯ.

ಮೇಲ್ಗಡೆಯಿಂದ ಲಿಂಟ್ ಜಾಲರಿ ತೆಗೆಯುವ ಮಾದರಿಗಳಲ್ಲಿ ಜಾಲರಿಯ ಬಳಿಯ ಎರಡು ಸ್ಕ್ರೂ ಬಿಚ್ಚಿ, ಗೋಡೆಗೆ ಪುಟ್ಟಿ ಹಚ್ಚುವ ಚಪ್ಪಟೆ ಬ್ಲೇಡನ್ನು ಮುಂದಿನ ಸಂದಿಯಲ್ಲಿ ತೂರಿಸಿ ಒಳಗಿನ ಕ್ಲಿಪ್ಪುಗಳನ್ನು ಒತ್ತಿದರೆ ಮೇಲ್ಮುಚ್ಚಳ ಏಳುತ್ತದೆ. ಆಮೇಲೆ ಬಾಗಿಲಿನ ಸ್ವಿಚ್ಚಿನ ತಂತಿ ಬೇರ್ಪಡಿಸಿ ಮುಂದಿನ ತಗಡನ್ನು ಕಳಚಬೇಕು. ಬೆಲ್ಟು ಐಡ್ಲರನ್ನೂ ಮೋಟಾರನ್ನೂ ಬಳಸಿ ಹೋಗುವ ದಾರಿಯ ಫೋಟೊ ತೆಗೆದಿಟ್ಟುಕೊಂಡರೆ ಮರುಜೋಡಣೆಯಲ್ಲಿ ಒದ್ದಾಟವಿಲ್ಲ. ಐಡ್ಲರನ್ನು ಸರಿಸಿ ಬೆಲ್ಟು ಬಿಡಿಸಿದರೆ ಡ್ರಮ್ ಹೊರಬರುತ್ತದೆ. ತೆಗೆಯುವ ಮುನ್ನ ಅದನ್ನು ಕೈಯಿಂದ ತಿರುಗಿಸಿ, ಎಲ್ಲಿ ಉಜ್ಜುತ್ತದೆ ನೋಡಬೇಕು.

ಒಳ್ಳೆಯ ರೋಲರು ಅಡ್ಡಡ್ಡ ಅಲುಗದೆ ಸರಾಗವಾಗಿ ತಿರುಗುತ್ತದೆ. ಮಾಮೂಲಾಗಿ ತ್ರಿಕೋನಾಕಾರದ ಕ್ಲಿಪ್ಪೊಂದು ಅದನ್ನು ದಂಡದ ಮೇಲೆ ಹಿಡಿದಿರುತ್ತದೆ. ದಂಡವನ್ನು ಒರೆಸಿ ನೋಡಬೇಕು. ಗೀರು ಬಿದ್ದಿದ್ದರೆ ಹೊಸ ರೋಲರು ಹಾಕಿದರೂ ಬಾಳದು, ದಂಡವನ್ನೂ ಬದಲಿಸಬೇಕು. ಒಂದು ರೋಲರು ಸವೆದಿದ್ದರೆ ಎರಡನ್ನೂ, ಜೊತೆಗೆ ಐಡ್ಲರ್ ಮತ್ತು ಬೆಲ್ಟನ್ನೂ ಒಟ್ಟಿಗೇ ಬದಲಿಸುವುದು ಲೇಸು. ಶ್ರಮವೆಲ್ಲ ಬಿಚ್ಚುವುದರಲ್ಲಿದೆ, ಭಾಗಗಳ ಬೆಲೆ ಹೆಚ್ಚಲ್ಲ. ಬೆಲ್ಟಿನ ಗೆರೆಗಳಿರುವ ಮುಖ ಡ್ರಮ್ಮಿನ ಕಡೆಗಿರಬೇಕು. ಕೂರಿಸಿದ ಮೇಲೆ ಡ್ರಮ್ಮನ್ನು ಕೈಯಿಂದ ಕೆಲವು ಸುತ್ತು ತಿರುಗಿಸಿ ಬೆಲ್ಟು ಎಲ್ಲೂ ಮಗುಚಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕೀರಲು ಸದ್ದಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಬಹಳ ಮಂದಿಯ ಅಭ್ಯಾಸ. ಅದು ಇದ್ದ ಜಿಡ್ಡನ್ನೂ ತೊಳೆದು, ಕೆಲ ದಿನ ಸುಮ್ಮನಿರಿಸಿ, ಬಳಿಕ ಲಿಂಟನ್ನು ಮೆತ್ತಿಕೊಂಡು ಸದ್ದನ್ನು ಮರಳಿಸುತ್ತದೆ. ಬಿಸಿಯಿರುವ ಜಾಗದಲ್ಲಿ ಬೆಂಕಿಯ ಭಯವೂ ಇದೆ. ತಯಾರಕರು ಎಣ್ಣೆ ಹೇಳಿದ್ದರೆ ಅದೇ ಎಣ್ಣೆಯ ಒಂದೆರಡು ಹನಿ ದಂಡಕ್ಕೆ ಸಾಕು.

ಲಿಂಟ್ ಮತ್ತು ಬೆಂಕಿ

ಬಿಚ್ಚಿದಾಗ ತಳದಲ್ಲಿ, ಮೋಟಾರಿನ ಸುತ್ತ ನೂಲಿನ ಜುಂಗು ಮಡುಗಟ್ಟಿರುವುದು ಕಾಣುತ್ತದೆ. ವ್ಯಾಕ್ಯೂಮಿನಿಂದ ಅದನ್ನೆಲ್ಲ ತೆಗೆಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಅಮೆರಿಕದ ಸರ್ಕಾರಿ ಅಗ್ನಿ ಸುರಕ್ಷತಾ ಸಂಸ್ಥೆ 2008–2010ರ ಅವಧಿಗೆ ಮಾಡಿದ ಅಂದಾಜಿನಂತೆ ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಪ್ರಕರಣಗಳು ವರದಿಯಾದವು. ಮುಖ್ಯ ಕಾರಣ ಸ್ವಚ್ಛ ಮಾಡದಿರುವುದು. ಗಾಳಿಯನ್ನು ಹೊರಬಿಡುವ ಕೊಳವೆ 4 ಇಂಚು ವ್ಯಾಸದ, ಒಳಮೈ ನುಣುಪಾದ ಲೋಹದ್ದಾಗಿದ್ದರೆ ಒಳಿತು. ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ಕೊಳವೆಯಲ್ಲಿ ಜುಂಗು ಬೇಗ ಕಟ್ಟುತ್ತದೆ.

ಇತರ ಮಾದರಿಗಳು

ಕಂಡೆನ್ಸರ್ ಡ್ರೈಯರುಗಳಲ್ಲಿ ನೀರನ್ನು ಮೇಲಿನ ತೊಟ್ಟಿಗೆ ಎತ್ತುವ ಪಂಪು ಆಗಾಗ ಗುರುಗುಟ್ಟುವುದು ಸಹಜ. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಹೀಟ್ ಪಂಪ್ ಮಾದರಿಯಲ್ಲಿ ಫ್ರಿಜ್ಜಿನ ಹಾಗೆಯೇ ಕಂಪ್ರೆಸರ್ ಇರುವುದರಿಂದ ಸಣ್ಣ ಗುಂಜಾರವ ಇದ್ದೇ ಇರುತ್ತದೆ. ಇವುಗಳ ಬೆಲ್ಟು, ರೋಲರುಗಳನ್ನು ಮೇಲಿನ ಕ್ರಮದಲ್ಲೇ ಪರೀಕ್ಷಿಸಬಹುದು. ಅನಿಲ ತುಂಬಿದ ತಾಮ್ರದ ಕೊಳವೆಗಳನ್ನು ಮಾತ್ರ ಮುಟ್ಟುವಂತಿಲ್ಲ: ಹಲವು ಹೊಸ ಯಂತ್ರಗಳಲ್ಲಿ ಅದು ಬೆಂಕಿ ಹಿಡಿಯುವ ಪ್ರೊಪೇನ್, ತರಬೇತಿ ಪಡೆದ ತಂತ್ರಜ್ಞರ ಕೆಲಸ.