ಹೊಳೆ ದಾಟಿದ ಹೆಸರುಗಳು

ಮ್ಹೈಸಾಳದ ನಮಗೆ ಒಂದು ದಾರಿ ಕಾಗವಾಡದತ್ತ ಹೋಗುತ್ತದೆ, ಇನ್ನೊಂದು ಮಿರಜದತ್ತ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂಬುದು ನಮ್ಮ ಅಜ್ಜಿಯರ ಕಾಲದಿಂದ ನಡೆದುಬಂದ ರೂಢಿ. ಕನ್ನಡ ಚಲನಚಿತ್ರದ ಮಾತು ಬಂದಾಗ ಮಾತ್ರ ನಾವು ಅದನ್ನು ದೂರದ ಬೆಂಗಳೂರಿನ ಸಂಗತಿಯೆಂದು ತಿಳಿದು ಸುಮ್ಮನಾಗುತ್ತೇವೆ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ, ಅಂದರೆ ನಮ್ಮೂರಿನವರು ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಷ್ಟು ಸಮೀಪದಲ್ಲಿ. ಕನ್ನಡ ತೆರೆಯ ಮೇಲೆ ಮೊದಲು ಮಾತನಾಡಿದ ನಾಯಕಿ ತ್ರಿಪುರಾಂಬಾ ಆ ಮಾತನ್ನು ಆಡಿದ್ದು ಈ ಸೀಮೆಯಲ್ಲಿ. ಇತಿಹಾಸದ ಪುಸ್ತಕಗಳು ನಿರ್ದೇಶಕ ವೈ.ವಿ. ರಾವ್, ರಾವಣನಾದ ಆರ್. ನಾಗೇಂದ್ರರಾಯರು, ಇಂದ್ರಜಿತುವಾದ ಸುಬ್ಬಯ್ಯನಾಯ್ಡು ಅವರನ್ನು ಕುರಿತು ಪುಟಗಟ್ಟಲೆ ಹೇಳುತ್ತವೆ. ಚಿತ್ರಕ್ಕೆ ಹೆಸರು ಕೊಟ್ಟ ಪಾತ್ರವನ್ನು ಮಾಡಿದ ಹೆಣ್ಣುಮಗಳಿಗೆ ಪಾತ್ರಪಟ್ಟಿಯ ಒಂದು ಸಾಲು ಸಿಕ್ಕರೆ ಹೆಚ್ಚು.

ಈ ಅಸಮತೆಯ ಬೆನ್ನು ಹತ್ತಿ ಹೊರಟಾಗ ನಮಗೆ ದೊರೆತ ಸಂಗತಿಗಳನ್ನು ಸಾಹಿತ್ಯ ಸಮ್ಮೇಳನದ ಈ ಸಂಚಿಕೆಯಲ್ಲಿ ಹಂಚಿಕೊಳ್ಳುತ್ತಿದ್ದೇವೆ. ರಂಗಭೂಮಿ, ಚಿತ್ರ ಮತ್ತು ಬರವಣಿಗೆಗಳಲ್ಲಿ ದುಡಿದ ನಮ್ಮ ಭಾಗದ ಹೆಣ್ಣುಮಕ್ಕಳ ಹೆಸರುಗಳು ಹೇಗೆ ಉಳಿದವು, ಯಾರು ಉಳಿಸಿದರು ಎಂಬುದೇ ಇಲ್ಲಿನ ವಿಚಾರ.

ಕಥೆ ಸಾಂಗಲಿಯಿಂದಲೇ ಆರಂಭವಾಗಬೇಕು. 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯ ದೊರೆ ಚಿಂತಾಮಣರಾವ್ ಪಟವರ್ಧನರ ಆಶ್ರಯದಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಅದಕ್ಕೆ ಪ್ರೇರಣೆಯಾದದ್ದು ಉತ್ತರ ಕನ್ನಡ ಜಿಲ್ಲೆಯಿಂದ ಬಂದ ಭಾಗವತರ ಮೇಳ. ಮರಾಠಿ ರಂಗಭೂಮಿಯ ತೊಟ್ಟಿಲಿಗೆ ಕನ್ನಡದ ಯಕ್ಷಗಾನ ಕೈ ಹಚ್ಚಿತ್ತೆಂದು ನಮ್ಮ ಸಭೆಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಆದರೆ ಆ ಸೀತೆ ಗಂಡಸು. ಮೇಳದಲ್ಲಿಯೂ ಗಂಡಸೇ, ಸಾಂಗಲಿಯ ಆಟದಲ್ಲಿಯೂ ಗಂಡಸೇ. ಮುಂದೆ ಅರವತ್ತು ವರ್ಷಗಳ ಬಳಿಕ, 1905ರಲ್ಲಿ, ಕಿರ್ಲೋಸ್ಕರ ನಾಟಕ ಮಂಡಳಿಯ ‘ಶಾಕುಂತಲ’ದಲ್ಲಿ ಶಕುಂತಲೆಯಾಗಿ ನಾರಾಯಣರಾವ್ ರಾಜಹಂಸ ಎಂಬ ತರುಣ ಮೊದಲ ಬಾರಿಗೆ ರಂಗವೇರಿದ್ದು ಮಿರಜದಲ್ಲಿ. ಬಾಲಗಂಧರ್ವರೆಂದು ನಾಡು ಕರೆದ ಅವರು ಉಟ್ಟ ಸೀರೆ, ಮುಡಿದ ಹೂವು, ನಡೆದ ನಡಿಗೆಗಳನ್ನು ಮನೆತನಸ್ಥ ಹೆಂಗಸರು ನೋಡಿ ಅನುಸರಿಸುತ್ತಿದ್ದರಂತೆ.

ಅದೇ 1905ರಲ್ಲಿ, ಅದೇ ಮಿರಜದಲ್ಲಿ, ಉಸ್ತಾದ್ ಅಬ್ದುಲ್ ಕರೀಂ ಖಾನ್ ಮತ್ತು ತಾರಾಬಾಯಿ ಮಾನೆ ದಂಪತಿಗೆ ಒಂದು ಹೆಣ್ಣುಮಗು ಹುಟ್ಟಿತು. ಮುಂದೆ ಹೀರಾಬಾಯಿ ಬಡೋದೇಕರ್ ಎಂದು ಪ್ರಸಿದ್ಧರಾದವರು ಅವರೇ. ಖಾನ್ ಸಾಹೇಬರು ನಮಗೆ ಪರಕೀಯರಲ್ಲ. ಧಾರವಾಡ, ಮೈಸೂರುಗಳಿಗೆ ಅವರ ಒಡನಾಟವಿತ್ತು. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, ಅವರ ಶಿಷ್ಯರು. ಆ ಸವಾಯಿ ಗಂಧರ್ವರೂ ಮರಾಠಿ ರಂಗದಲ್ಲಿ ಸ್ತ್ರೀಪಾತ್ರಗಳಿಗೆ ಹೆಸರಾದವರು. ಮಿರಜದ ಮೀರಾಸಾಹೇಬರ ದರ್ಗಾದಲ್ಲಿ ಖಾನ್ ಸಾಹೇಬರ ಸಮಾಧಿಯಿದೆ, ಅವರ ಪುಣ್ಯತಿಥಿಗೆ ನಡೆಯುವ ಸಂಗೀತಸೇವೆಗೆ ನಮ್ಮೂರಿನಿಂದಲೂ ಜನ ಹೋಗುತ್ತಾರೆ. ತಾರಾಬಾಯಿಯವರು 1922ರ ಸುಮಾರಿಗೆ ಮಕ್ಕಳನ್ನು ಕರೆದುಕೊಂಡು ಪತಿಯಿಂದ ಬೇರೆಯಾದರು. ಮಕ್ಕಳ ಹೆಸರಿನೊಂದಿಗೆ ತಂದೆಯ ಹೆಸರು ಉಳಿಯಲಿಲ್ಲ. ಮಿರಜದಲ್ಲಿ ಹುಟ್ಟಿದ ಮಗಳು ತಾಯಿಯ ಊರಾದ ಬಡೋದೆಯ ಹೆಸರನ್ನು ಹೊತ್ತಳು.

ಹೀರಾಬಾಯಿಯವರ ಗಾಯನವನ್ನು ಎಲ್ಲರೂ ಬಲ್ಲರು. ಟಿಕೆಟ್ ಇಟ್ಟು ಸಾರ್ವಜನಿಕ ಕಛೇರಿ ನಡೆಸಿದ ಮೊದಲ ಮಹಿಳೆಯರಲ್ಲಿ ಅವರೊಬ್ಬರು, 1970ರಲ್ಲಿ ಪದ್ಮಭೂಷಣರಾದರು. ಆದರೆ 1929ರ ಸುಮಾರಿಗೆ ಅವರು ಸೋದರ ಸೋದರಿಯರೊಂದಿಗೆ ನಾಟಕ ಮಂಡಳಿ ಕಟ್ಟಿ, ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ಮಾಡುವಂತೆ ‘ಸೌಭದ್ರ’ದಂಥ ನಾಟಕಗಳನ್ನು ಆಡಿದ್ದನ್ನು ಕುರಿತು ಮಾತು ಕಡಿಮೆ. ಅದು ಬಾಲಗಂಧರ್ವರ ಕೀರ್ತಿ ಇನ್ನೂ ಶಿಖರದಲ್ಲಿದ್ದ ಕಾಲ. ಗಂಡಸಿನ ಸುಭದ್ರೆಗೆ ಮನಸೋತ ಪ್ರೇಕ್ಷಕರ ಎದುರು ಹೆಣ್ಣೊಬ್ಬಳು ಸುಭದ್ರೆಯಾಗಿ ನಿಲ್ಲುವುದು ಎಂಥ ಧೈರ್ಯದ ಕೆಲಸವೆಂದು ಇಂದು ಊಹಿಸಿಕೊಳ್ಳುವುದೂ ಕಷ್ಟ. ಮಂಡಳಿ ಕೆಲವೇ ವರ್ಷ ನಡೆಯಿತು. ಬಳಿಕ ಬಾಬುರಾವ್ ಪೇಂಟರರು ಕೊಲ್ಹಾಪುರದಲ್ಲಿ ತೆಗೆದ ‘ಪ್ರತಿಭಾ’ (1937) ಮೊದಲಾದ ಚಿತ್ರಗಳಲ್ಲಿಯೂ ಹೀರಾಬಾಯಿ ಕಾಣಿಸಿಕೊಂಡರು. ಮಿರಜದಲ್ಲಿಯೇ ಹುಟ್ಟಿದ ಅವರ ತಂಗಿ ಸರಸ್ವತಿ ರಾಣೆ ‘ರಾಮರಾಜ್ಯ’ (1943) ಚಿತ್ರಕ್ಕೆ ಹಾಡಿ ಹಿನ್ನೆಲೆ ಗಾಯನದ ಮೊದಲ ಪೀಳಿಗೆಯಲ್ಲಿ ನಿಂತರು.

ಚಿತ್ರರಂಗಕ್ಕೆ ಹೆಣ್ಣು ಬಂದದ್ದು ಇದಕ್ಕೂ ಮೊದಲು. ದಾದಾಸಾಹೇಬ್ ಫಾಳ್ಕೆಯವರ ‘ಮೋಹಿನಿ ಭಸ್ಮಾಸುರ’ದಲ್ಲಿ (1913) ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದರು, ತಾಯಿ ಪಾರ್ವತಿ, ಮಗಳು ಮೋಹಿನಿ. 1920ರಲ್ಲಿ ಕೊಲ್ಹಾಪುರದ ‘ಸೈರಂಧ್ರಿ’ಯಲ್ಲಿ ನಟಿಸಿದ ಗುಲಾಬಬಾಯಿ ಮತ್ತು ಅನಸೂಯಾಬಾಯಿ ತೆರೆಯ ಮೇಲೆ ಕಮಲಾದೇವಿ, ಸುಶೀಲಾದೇವಿಯರಾದರು. ಅವರ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರೆಂದು ಚರಿತ್ರೆ ಹೇಳುತ್ತದೆ. ಕೆಲಸಕ್ಕೆ ಬರುವ ಹೆಣ್ಣು ಮೊದಲು ಹೆಸರನ್ನು ಹೊಸ್ತಿಲಾಚೆ ಬಿಟ್ಟು ಬರಬೇಕೆಂಬ ಪದ್ಧತಿಗೆ ಕೊಲ್ಹಾಪುರದಲ್ಲಿ ಇದೇ ನಾಂದಿ.

ಇಲ್ಲಿಗೆ ಮೀಟರ್ ಗೇಜ್ ರೈಲು ಬರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದ ಗಾಡಿ ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ ಮಿರಜ ತಲುಪುತ್ತಿತ್ತು, ಅಲ್ಲಿಂದ ಕೊಲ್ಹಾಪುರ, ಪುಣೆ. ನಾಟಕ ಕಂಪನಿಗಳ ಪರದೆ, ಪೆಟ್ಟಿಗೆ, ಹಾರ್ಮೋನಿಯಂಗಳೆಲ್ಲ ಸಾಗಿದ್ದು ಇದೇ ಹಾದಿಯಲ್ಲಿ. ಹುಬ್ಬಳ್ಳಿಯ ಬಳಿಯ ಅದರಗುಂಚಿಯ ರಾಜಮ್ಮ ಎಂಬ ಹುಡುಗಿ ಕನ್ನಡದ ನಾಟಕಗಳಿಂದ ಕೊಲ್ಹಾಪುರದ ಸ್ಟುಡಿಯೋಗಳಿಗೆ, ಅಲ್ಲಿಂದ ಪುಣೆಯ ಪ್ರಭಾತ್ ಕಂಪನಿಗೆ ಹೋಗಿ ಶಾಂತಾ ಹುಬಳೀಕರ್ ಆದರು. 1939ರ ವ್ಹಿ. ಶಾಂತಾರಾಮರ ‘ಮಾಣೂಸ್’ ಚಿತ್ರದ ಮೈನಾ ಅವರನ್ನು ಅಮರರನ್ನಾಗಿಸಿತು. ಪೊಲೀಸ್ ಪೇದೆಯೊಬ್ಬನ ಪ್ರೀತಿಯನ್ನು ಗಳಿಸಿಯೂ ಅವನ ಮನೆಯ ಹೊಸ್ತಿಲು ತುಳಿಯಲಾರದ ವೇಶ್ಯೆಯ ಪಾತ್ರವದು. ಶುದ್ಧ ಮರಾಠಿಯಲ್ಲಿ ಮಾತನಾಡಿದ ಆ ಮೈನಾಳ ತಾಯ್ನುಡಿ ಕನ್ನಡವೆಂಬುದು ನೋಡಿದವರಿಗೆ ಹೊಳೆಯುವಂತಿರಲಿಲ್ಲ. ಅವರ ಹೆಸರಿನಲ್ಲಿದ್ದ ಹುಬ್ಬಳ್ಳಿಯೊಂದೇ ಗುರುತು. ಮರಾಠಿಯ ‘ಕರ’ ಪ್ರತ್ಯಯ ಹತ್ತಿದ ಮೇಲೆ ಅದೂ ಮರಾಠಿಯಂತೆಯೇ ಕೇಳಿಸುತ್ತದೆ, ಆ ಮಾತು ಬೇರೆ. ಅವರು ಒಮ್ಮೆ ಕನ್ನಡಕ್ಕೆ ಮರಳಿದ್ದುಂಟು. ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ (1942) ಚಿತ್ರಕ್ಕೆ ಅ.ನ.ಕೃ. ಬರೆದರು, ಬಿ. ಜಯಮ್ಮ ಮತ್ತು ಕೆಂಪರಾಜ ಅರಸು ಅವರೊಂದಿಗೆ ಶಾಂತಾಬಾಯಿ ನಟಿಸಿದರು. ಅಲ್ಲಿಗೆ ಅವರ ಕನ್ನಡದ ಅಧ್ಯಾಯ ಮುಗಿಯಿತು.

ಬೀಳಗಿಯಿಂದ ಹೊರಟ ಅಕ್ಕತಂಗಿಯರ ಹಾದಿಯೂ ಇದೇ. ಗೋಹರಬಾಯಿ ಮತ್ತು ಅಮೀರಬಾಯಿ ನಾಟಕದ ಮನೆತನದಲ್ಲಿ ಬೆಳೆದು, ಹೊರನಾಡಿಗೆ ಹೋದ ಮೇಲೆ ಇಬ್ಬರೂ ಹೆಸರಿನೊಂದಿಗೆ ‘ಕರ್ನಾಟಕಿ’ ಎಂಬುದನ್ನು ಹಚ್ಚಿಕೊಂಡರು. ಕರ್ನಾಟಕವೆಂಬ ಹೆಸರಿನ ರಾಜ್ಯ ನಕಾಶೆಯ ಮೇಲೆ ಬರುವುದಕ್ಕೆ ದಶಕಗಳ ಮೊದಲೇ ಮುಂಬಯಿಯ ಗ್ರಾಮಫೋನ್ ತಟ್ಟೆಗಳ ಮೇಲೆ ಆ ಶಬ್ದ ಅಚ್ಚಾಗಿ ದೇಶವೆಲ್ಲ ತಿರುಗಿತು. ‘ನರಸೀ ಭಗತ್’ (1940) ಚಿತ್ರದಲ್ಲಿ ನರಸೀ ಮೆಹತಾರ ಭಜನೆಗೆ, ‘ಕಿಸ್ಮತ್’ (1943) ಚಿತ್ರದ ಹಾಡುಗಳಿಗೆ ಅಮೀರಬಾಯಿಯವರ ಕಂಠವಿತ್ತು. ‘ಕಿಸ್ಮತ್’ ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷ ಮೀರಿ ಓಡಿತು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರನ್ನು ಹೊತ್ತಿತ್ತು. 1965ರಲ್ಲಿ ತೀರಿಕೊಂಡ ಅವರ ಬದುಕನ್ನು ಬಹುಕಾಲದ ಮೇಲೆ ರಹಮತ್ ತರೀಕೆರೆಯವರು ಹುಡುಕಿ ಕನ್ನಡದಲ್ಲಿ ಪುಸ್ತಕವಾಗಿಸಿದರು. ಈ ಉಪಕಾರವನ್ನು ನಾವು ನೆನೆಯಲೇಬೇಕು.

ಗೋಹರಬಾಯಿಯವರ ಪಾಲಿಗೆ ಬಂದದ್ದು ಬೇರೆ. 1930ರ ದಶಕದ ಕೊನೆಯಲ್ಲಿ ಅವರು ಬಾಲಗಂಧರ್ವರ ಮಂಡಳಿಗೆ ಬಂದರು. ವಯಸ್ಸು, ಸಾಲ, ಬೋಲಪಟಗಳ ಪೈಪೋಟಿ ಮೂರೂ ಆ ಮಹಾನಟನನ್ನು ಮುತ್ತಿದ್ದ ದಿನಗಳವು. ಅವರು ತಮ್ಮವೆನಿಸಿದ್ದ ಪಾತ್ರಗಳನ್ನು ಬೀಳಗಿಯ ಹೆಣ್ಣುಮಗಳು ಮಾಡಿದರು, ಕೊನೆಯ ವರ್ಷಗಳಲ್ಲಿ ಅವರನ್ನು ನೋಡಿಕೊಂಡರು, 1951ರಲ್ಲಿ ಇಬ್ಬರ ವಿವಾಹವಾಯಿತು. ಮರಾಠಿ ರಸಿಕರಲ್ಲಿ ಹಲವರು ಗಂಧರ್ವಯುಗದ ಅವಸಾನದ ಹೊಣೆಯನ್ನೆಲ್ಲ ಅವರ ತಲೆಗೆ ಕಟ್ಟಿದರು. ಮುಸ್ಲಿಂ ಹೆಣ್ಣು, ಕನ್ನಡದವಳು, ವಿವಾಹಿತನ ಬದುಕಿಗೆ ಬಂದವಳು. ಆಡಿಕೊಳ್ಳುವವರಿಗೆ ಇಷ್ಟು ಸಾಕಾಗಿತ್ತು. ಬಾಲಗಂಧರ್ವರ ಮೊದಲ ಪತ್ನಿ ಮತ್ತು ಆ ಮನೆ ಅನುಭವಿಸಿದ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ 1905ರಲ್ಲಿ ಮಿರಜದಲ್ಲಿ ಗಂಡಸು ಹೊತ್ತ ಶಕುಂತಲೆಯ ವೇಷವನ್ನು ಕೊನೆಗೆ ಅವರ ಕೈಯಿಂದಲೇ ತೆಗೆದುಕೊಂಡವಳು ಒಬ್ಬ ಕನ್ನಡತಿ ಎಂಬುದು ರಂಗಭೂಮಿಯ ಇತಿಹಾಸದಲ್ಲಿ ಅಡಿಟಿಪ್ಪಣಿಗೆ ಸೀಮಿತವಾಗತಕ್ಕ ಸಂಗತಿಯಲ್ಲ. ಗೋಹರಬಾಯಿಯವರ ಕಥೆಯನ್ನು ಹೇಳಿದವರೆಲ್ಲ ಬೇರೆಯವರೇ.

ತಮ್ಮ ಕಥೆಯನ್ನು ತಾವೇ ಬರೆದವರ ಸ್ಥಿತಿ ಇದಕ್ಕಿಂತ ಮೇಲು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸ್ ಪದವೀಧರೆ. ಮಕ್ಕಳನ್ನು ಸಾಕುವ ಭಾರ ಹೊತ್ತು ರಂಗಭೂಮಿಗೆ, ಅಲ್ಲಿಂದ ಚಿತ್ರಕ್ಕೆ ಬಂದವರು. ‘ಕಂಗನ್’ (1939) ಅವರನ್ನು ದೇಶದ ತಾರೆಯನ್ನಾಗಿಸಿತು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಅವರು. 1955ರಲ್ಲಿ ‘ಆಜ್ ಕೀ ಬಾತ್’ ಚಿತ್ರವನ್ನು ನಿರ್ದೇಶಿಸಿದರು. ಆಮೇಲೆ ಹಿಂದಿ ತೆರೆಯ ಮೇಲೆ ದಶಕಗಟ್ಟಲೆ ಕಣ್ಣೀರಿಡುವ ತಾಯಿಯಾದರು. ಆ ತಾಯಿಯ ಹಿಂದೆ ಎಷ್ಟು ಓದಿದ, ಎಷ್ಟು ದುಡಿದ ಹೆಣ್ಣಿದ್ದಾಳೆಂಬುದು ಅವರ ಮರಾಠಿ ಆತ್ಮಕಥೆ ‘ಚಂದೇರಿ ದುನಿಯೇತ್’ (1981) ಇಲ್ಲದಿದ್ದರೆ ತಿಳಿಯುತ್ತಿರಲಿಲ್ಲ. ನಟಿ ಹಂಸಾ ವಾಡ್ಕರರ ‘ಸಾಂಗತ್ಯೇ ಐಕಾ’ ಇನ್ನೂ ಮುಂದೆ ಹೋಗಿ ಶ್ಯಾಮ್ ಬೆನೆಗಲ್‌ರ ‘ಭೂಮಿಕಾ’ (1977) ಚಿತ್ರವಾಯಿತು. ಅದರ ಚಿತ್ರಕಥೆಯಲ್ಲಿ ನಮ್ಮ ಗಿರೀಶ ಕಾರ್ನಾಡರ ಕೈಯಿತ್ತು. ಶಾಂತಾ ಹುಬಳೀಕರರೂ ಬದುಕಿನ ಕೊನೆಗಾಲದಲ್ಲಿ ಆತ್ಮಕಥೆ ಬರೆದು, ‘ಮಾಣೂಸ್’ ಚಿತ್ರದ ತಮ್ಮ ಹಾಡಿನ ಮಾತನ್ನೇ ತೆಗೆದುಕೊಂಡು ‘ಕಶಾಲಾ ಉದ್ಯಾಚೀ ಬಾತ್’ ಎಂದು ಹೆಸರಿಟ್ಟರು. ಅದರಗುಂಚಿಯ ರಾಜಮ್ಮನ ಬಾಲ್ಯವೂ ಅಲ್ಲಿ ದಾಖಲಾದದ್ದು ಮರಾಠಿಯಲ್ಲಿ. ಇದಕ್ಕಾಗಿ ಆಕ್ಷೇಪಿಸುವ ಹಕ್ಕು ನಮಗಿಲ್ಲ. ಅನ್ನ ಕೊಟ್ಟ ಭಾಷೆ, ಓದುಗರಿದ್ದ ಭಾಷೆ ಅದು. ಹೆಂಗಸರಿಗಾಗಿ ‘ಸ್ತ್ರೀ’ ಎಂಬ ಮಾಸಿಕವು ನಮ್ಮದೇ ಜಿಲ್ಲೆಯ ಕಿರ್ಲೋಸ್ಕರವಾಡಿಯಿಂದ 1930ರಷ್ಟು ಹಿಂದೆಯೇ ಹೊರಡತೊಡಗಿತ್ತು. ಹೆಣ್ಣು ತನ್ನ ಮಾತನ್ನು ತಾನೇ ಬರೆಯಬಹುದೆಂಬ ಹವೆ ಆ ಭಾಷೆಯಲ್ಲಿ ಬೇಗ ಬಂತು.

ಗಡಿಯ ಹಳ್ಳಿಗಳ ಪೈಕಿ ಬೆಳಗಾವಿ ಜಿಲ್ಲೆಯ ಖಡಕಲಾಟವನ್ನೂ ಇಲ್ಲಿ ಹೇಳಬೇಕು. ಅಲ್ಲಿ 1928ರಲ್ಲಿ ಹುಟ್ಟಿದ ಹುಡುಗಿಯೊಬ್ಬಳು ಕೊಲ್ಹಾಪುರಕ್ಕೆ ಬಂದು ಭಾಲಜಿ ಪೆಂಢಾರಕರರ ಜಯಪ್ರಭಾ ಸ್ಟುಡಿಯೋ ಸೇರಿದಳು. ಭಾಲಜಿಯವರು ಆಕೆಗೆ ಸುಲೋಚನಾ ಎಂದು ಹೆಸರಿಟ್ಟರು. ಮರಾಠಿ ಮತ್ತು ಹಿಂದಿ ಚಿತ್ರಗಳ ‘ಸುಲೋಚನಾದೀದಿ’ 2023ರಲ್ಲಿ ತೀರಿಕೊಂಡಾಗ ನಮ್ಮ ಸೀಮೆಯ ಎರಡೂ ಭಾಷೆಯ ಪತ್ರಿಕೆಗಳು ಬರೆದವು. ಕನ್ನಡದ ಮೊದಲ ವಾಕ್ಚಿತ್ರದ ನಾಯಿಕೆಯ ಹೆಸರೂ ಅದೇ, ಊರೂ ಅದೇ ಕೊಲ್ಹಾಪುರ. ಇದು ಆಕಸ್ಮಿಕವಷ್ಟೇ, ಆದರೂ ನಮಗೆ ಮರೆಯಲಾಗದು.

ಬರಹದಲ್ಲಿ ಇದೇ ಹಾದಿಯನ್ನು ತಿರುವುಮುರುವಾಗಿ ನಡೆದವರು ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ. 1912ರಲ್ಲಿ ಅಲ್ಲಿಯೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಕಲಿತು, ಬಳಿಕ ಕನ್ನಡವನ್ನು ತಾವಾಗಿ ಗಳಿಸಿಕೊಂಡು ತ್ರಿಪದಿಯಲ್ಲಿ ‘ಶ್ರೀ ಸಿದ್ಧರಾಮೇಶ್ವರ ಪುರಾಣ’ ಬರೆದರು. ಶರಣರ ಮಾತನ್ನು ಮರಾಠಿಗೂ ಒಯ್ದರು. 1974ರ ಮಂಡ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದಾಗ ಕನ್ನಡ ಸಾಹಿತ್ಯ ಸಮ್ಮೇಳನ ಆರಂಭವಾಗಿ ಸುಮಾರು ಆರು ದಶಕಗಳಾಗಿದ್ದವು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ ಅವರು. ಎರಡನೆಯವರಾದ ಶಾಂತಾದೇವಿ ಮಾಳವಾಡರಿಗಾಗಿ 2000ದ ಬಾಗಲಕೋಟೆಯವರೆಗೆ, ಅಂದರೆ 26 ವರ್ಷ, ಕಾಯಬೇಕಾಯಿತು. ಮೊದಲ ಗೌರವ ಗಡಿಯಾಚೆಯ ಹೆಣ್ಣುಮಗಳಿಗೆ ಸಂದದ್ದು ನಮಗೆ ಹೆಮ್ಮೆ, ನಡುವಿನ 26 ವರ್ಷಗಳ ಬಗ್ಗೆ ಬೇರೆಯೇ ಭಾವನೆ.

ಕನ್ನಡ ಚಿತ್ರಕ್ಕೆ ಲೇಖಕಿಯರು ಕೊಟ್ಟದ್ದನ್ನು ಬಲ್ಲವರು ಬಹಳ. ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರಗಳಾದವು. 1963ರಲ್ಲಿಯೇ ತೀರಿಕೊಂಡ ತ್ರಿವೇಣಿ ಇವನ್ನು ನೋಡಲಿಲ್ಲ. ಇಂದಿರಾ ಅವರ ‘ಫಣಿಯಮ್ಮ’ನನ್ನು 1983ರಲ್ಲಿ ಪ್ರೇಮಾ ಕಾರಂತರು ಚಿತ್ರವಾಗಿಸಿದಾಗ ಬರೆದವಳೂ ತೆಗೆದವಳೂ ಹೆಣ್ಣಾದಳು. ರಂ.ಶಾ. ಲೋಕಾಪುರರ ಕಾದಂಬರಿಯಿಂದ ಬಂದ ‘ತಾಯಿಸಾಹೇಬ’ (1997) ಚಿತ್ರವನ್ನು ನಿರ್ಮಿಸಿ ನಟಿಸಿದವರು ಜಯಮಾಲಾ. ಅದರ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಕಲಬುರ್ಗಿಯಲ್ಲಿ ಹುಟ್ಟಿದ ವೈಶಾಲಿ ಕಾಸರವಳ್ಳಿ. ಮುಂದೆ ವೈಶಾಲಿಯವರು ನಿರ್ದೇಶಿಸಿದ ‘ಮೂಡಲಮನೆ’ ಧಾರಾವಾಹಿ ಈಟಿವಿಯಲ್ಲಿ ಬರುತ್ತಿದ್ದಾಗ, ಉತ್ತರ ಕರ್ನಾಟಕದ ಮಾತು ಹಾಸ್ಯಕ್ಕಲ್ಲದೆ ಮನೆಯ ಮಾತಾಗಿಯೇ ದೂರದರ್ಶನದ ಪೆಟ್ಟಿಗೆಯಿಂದ ಕೇಳಿಸಿತು. ನಮ್ಮ ಮನೆಗಳಲ್ಲಿ ಅತ್ತೆ-ಸೊಸೆಯರು ರಾತ್ರಿಯ ರೊಟ್ಟಿ ಬೇಗ ಬಡಿದು ಅದರ ಮುಂದೆ ಕೂಡುತ್ತಿದ್ದರು.

ಲೀಲಾ ಚಿಟ್ನೀಸ್ ಹಾಗೂ ಶಾಂತಾ ಹುಬಳೀಕರರ ಆತ್ಮಕಥೆಗಳನ್ನು ಈ ವರ್ಷ ನಮ್ಮ ಸಂಘದ ಮಹಿಳಾ ಓದುಗೂಟದಲ್ಲಿ ಓದಬೇಕೆಂದಿದ್ದೇವೆ. ಮರಾಠಿ ಶಾಲೆಯಲ್ಲಿ ಕಲಿತ ನಮ್ಮ ಹೆಣ್ಣುಮಕ್ಕಳು ಒಂದೊಂದು ಅಧ್ಯಾಯವನ್ನು ಓದಿ, ಮರಾಠಿ ಲಿಪಿ ಬಾರದ ಹಿರಿಯರಿಗೆ ಕನ್ನಡದಲ್ಲಿ ಹೇಳುವುದು. ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುವುದು. ಮೊದಲ ಸರದಿ ರಾಜಮ್ಮನದು.