ಕನ್ನಡಕ ಕೊನೆಗೆ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಸಿಗುವ ಮಿಜಾರಿಗೆ ಇವತ್ತು ಎರಡು ಗುರುತು. ಒಂದು, ಕಂಬಳದ ಓಟಗಾರ ಶ್ರೀನಿವಾಸ ಗೌಡರು. ಇನ್ನೊಂದು, ಎಂಜಿನಿಯರಿಂಗ್ ಕಾಲೇಜುಗಳು: 2007ರಲ್ಲಿ ಶುರುವಾದ ಮೈಟ್, ಮರುವರ್ಷ ಬಂದ ಆಳ್ವಾಸ್. ಕಂಬಳಕ್ಕೂ ಕಾಲೇಜಿಗೂ ಸಂಬಂಧಪಟ್ಟ ಒಂದು ವಸ್ತು ಇದೆ, ಲೇಸರ್. ಮಂಜೊಟ್ಟಿಗೆ ಯಾವ ಜೋಡಿ ಮೊದಲು ಬಂತು ಅಂತ ತೀರ್ಮಾನಿಸಲು ಈಗ ತುಳುನಾಡಿನ ಕಂಬಳಗಳಲ್ಲಿ ಲೇಸರ್ ಕಿರಣ ಬಳಸುತ್ತಾರೆ. ಇನ್ನು ಫಿಸಿಕ್ಸ್ ಲ್ಯಾಬಿನಲ್ಲಿ ಗ್ರೇಟಿಂಗ್ ಮೂಲಕ ಕೆಂಪು ಕಿರಣ ಹಾಯಿಸಿ ತರಂಗಾಂತರ ಅಳೆದದ್ದು ವಿಟಿಯುನಲ್ಲಿ ಓದಿದ ಯಾರಿಗೂ ಮರೆತಿರಲಿಕ್ಕಿಲ್ಲ. 'ಕಿರಣವನ್ನು ನೇರವಾಗಿ ನೋಡಬೇಡಿ' ಅನ್ನೋ ಎಚ್ಚರಿಕೆಯೂ ಅಷ್ಟೇ. ಆ ಒಂದು ಸಾಲಿನ ಹಿಂದೆ ದೊಡ್ಡ ಕಥೆ ಇದೆ.

1960ರ ಮೇ 16ರಂದು ಕ್ಯಾಲಿಫೋರ್ನಿಯಾದಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಗಿಸಿದರು. ಪತ್ರಿಕೆಗಳಿಗೆ ಅದು 'ಸಾವಿನ ಕಿರಣ'ವಾಗಿ ಕಂಡಿತು. ಅಪಾಯ ಇದ್ದದ್ದೇನೋ ನಿಜ, ಆದರೆ ಯುದ್ಧಭೂಮಿಯಲ್ಲಲ್ಲ, ಲ್ಯಾಬಿನ ಮೇಜಿನ ಮೇಲೆ. 1961ರ ಕೊನೆಗೆ ನ್ಯೂಯಾರ್ಕಿನ ವೈದ್ಯರು ಇದೇ ಮಾಣಿಕ್ಯದ ಬೆಳಕಿನಿಂದ ರೋಗಿಯೊಬ್ಬರ ರೆಟಿನಾದ ಗಡ್ಡೆ ಸುಟ್ಟರು. ಗಡ್ಡೆ ಸುಡುವ ಬೆಳಕಿಗೆ ಒಳ್ಳೆಯ ರೆಟಿನಾ ಯಾವ ಲೆಕ್ಕ? ಚಿಕ್ಕವರಿದ್ದಾಗ ಭೂತಗನ್ನಡಿ ಹಿಡಿದು ಬಿಸಿಲಲ್ಲಿ ಕಾಗದ ಸುಟ್ಟಿದ್ದೀರಲ್ಲ, ಕಣ್ಣಿನ ಮಸೂರ ಮಾಡೋದೂ ಅದನ್ನೇ. ಒಳಬಂದ ಲೇಸರ್ ಬೆಳಕನ್ನು ಸುಮಾರು ಒಂದು ಲಕ್ಷ ಪಟ್ಟು ಸಾಂದ್ರಗೊಳಿಸಿ ರೆಟಿನಾದ ಮೇಲೆ ಬೀಳಿಸುತ್ತೆ. ಅಲ್ಲಿ ಸುಟ್ಟ ಜಾಗ ಮತ್ತೆ ಬೆಳೆಯೋದಿಲ್ಲ.

ನಾವೂ ಹಿಂದೆ ಬೀಳಲಿಲ್ಲ. 1964ರಲ್ಲಿ ಮುಂಬೈನ ಟ್ರಾಂಬೆಯಲ್ಲಿ ಭಾರತದ ಮೊದಲ ಸೆಮಿಕಂಡಕ್ಟರ್ ಲೇಸರ್ ತಯಾರಾಯಿತು. ಅದೇ ವರ್ಷ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಇವತ್ತು ಕಾಲೇಜಿನ ಪ್ರಾಜೆಕ್ಟ್ ಲ್ಯಾಬುಗಳಲ್ಲಿ, ನಮ್ಮ ಬೆಂಗಳೂರಿನ ಮೇಕರ್‌ಸ್ಪೇಸ್‌ಗಳಲ್ಲಿ ಅಕ್ರಿಲಿಕ್ ಕತ್ತರಿಸುವ ಯಂತ್ರದೊಳಗೆ ಸಾಮಾನ್ಯವಾಗಿ ಇರೋದು ಇದೇ.

ನಿಯಮಗಳು ನಿಧಾನಕ್ಕೆ ಬಂದವು. ಅಮೆರಿಕದಲ್ಲಿ 1968ರಲ್ಲಿ ಕಾಯ್ದೆ, 1973ರಲ್ಲಿ ಬಳಕೆದಾರರಿಗೆ ಮೊದಲ ಮಾನದಂಡ, 1976ರಲ್ಲಿ ತಯಾರಕರಿಗೆ ನಿಯಮ, 1984ರಲ್ಲಿ ಐಇಸಿಯ ಅಂತಾರಾಷ್ಟ್ರೀಯ ಮಾನದಂಡ. ಭಾರತದಲ್ಲಿ ಐಎಸ್ 14624. ಶಕ್ತಿಗೆ ತಕ್ಕಂತೆ ಕ್ಲಾಸುಗಳೂ ಬಂದವು. 1 ಮಿಲಿವ್ಯಾಟ್‌ವರೆಗಿನ ಕಾಣುವ ಕಿರಣ ಕ್ಲಾಸ್ 2. ಆಫೀಸಿನ ಒಳ್ಳೆಯ ಪಾಯಿಂಟರ್ ಇಲ್ಲಿಗೆ ಸೇರುತ್ತೆ. ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚಿಕೊಂಡು ಕಣ್ಣು ಉಳಿಯುತ್ತೆ. 500 ಮಿಲಿವ್ಯಾಟ್ ದಾಟಿದರೆ ಕ್ಲಾಸ್ 4. ಅದರ ಕಿರಣ ಗೋಡೆಗೆ ಬಡಿದು ಚದುರಿದರೂ ಕಣ್ಣಿಗೆ ಅಪಾಯವಾಗಬಹುದು.

ಈ ಪಟ್ಟಿಗಳಿಗಿಂತ ಹೆಚ್ಚು ಪಾಠ ಕಲಿಸಿದ್ದು 1977ರಲ್ಲಿ ಅಮೆರಿಕದ ಸಂಶೋಧಕರೊಬ್ಬರು ಬರೆದ ಪುಟ್ಟ ಲೇಖನ. ಪ್ರತಿಫಲಿಸಿ ಬಂದ ಒಂದೇ ಒಂದು ಮಿಡಿತ, ಬರೀ 6 ಮಿಲಿಜೌಲ್, ಅವರ ಕಣ್ಣಿಗೆ ಬಡಿದಿತ್ತು. ಅದು ಇನ್‌ಫ್ರಾರೆಡ್, ಕಾಣುವಂಥದ್ದೇ ಅಲ್ಲ. ಹಾಗಾಗಿ ರೆಪ್ಪೆ ಮುಚ್ಚುವ ಮಾತೇ ಇಲ್ಲ. ಕಣ್ಣೊಳಗೆ ಏನೋ ಒಡೆದ ಸದ್ದು ಅವರಿಗೇ ಕೇಳಿಸಿತಂತೆ. ದೃಷ್ಟಿ ಭಾಗಶಃ ಹೋಯಿತು. ಲ್ಯಾಬಿನಲ್ಲಿ ರಕ್ಷಣಾ ಕನ್ನಡಕ ಇರಲಿಲ್ಲವೇ? ಇತ್ತು. ಮಂಜು ಕಟ್ಟುತ್ತೆ, ಅಕ್ಕಪಕ್ಕ ಕಾಣಲ್ಲ, ಗಂಟೆಗಟ್ಟಲೆ ಹಾಕಿಕೊಂಡರೆ ಹಿಂಸೆ. ಅದಕ್ಕೇ ಹಾಕಿರಲಿಲ್ಲ.

ಇಲ್ಲಿ ದಡ್ಡತನ ಹುಡುಕಬೇಡಿ. ಅವರು ಅನುಭವಿ. ಮನುಷ್ಯನ ಎಚ್ಚರವನ್ನಷ್ಟೇ ನಂಬಿದರೆ ಹೀಗೇ ಆಗುತ್ತೆ. ಅದಕ್ಕೇ ಮಾನದಂಡಗಳು ಒಂದು ಕ್ರಮ ಹೇಳುತ್ತವೆ. ಮೊದಲು ಯಂತ್ರದ ವ್ಯವಸ್ಥೆ: ಕಿರಣಕ್ಕೆ ಪೆಟ್ಟಿಗೆ, ಮುಚ್ಚಳ ತೆರೆದರೆ ತಾನೇ ಆರಿಹೋಗುವ ಇಂಟರ್‌ಲಾಕ್, ಬೀಗದ ಕೈ. ಆಮೇಲೆ ಜನರ ವ್ಯವಸ್ಥೆ: ತರಬೇತಿ, ಬಾಗಿಲ ಮೇಲೆ ಫಲಕ, ಕೇಳಿದರೆ ಉತ್ತರ ಕೊಡಬಲ್ಲ ಒಬ್ಬ ಲೇಸರ್ ಸುರಕ್ಷತಾ ಅಧಿಕಾರಿ. ಕನ್ನಡಕ ಕೊನೆಗೆ. ಅದೂ ಆಯಾ ತರಂಗಾಂತರಕ್ಕೆ ಹೊಂದುವಂಥದ್ದೇ ಆಗಬೇಕು. ಹಸಿರು ಕಿರಣ ತಡೆಯುವ ಗಾಜು ಇನ್‌ಫ್ರಾರೆಡ್ ಅನ್ನು ಹಾಗೇ ಬಿಡಬಹುದು.

ನಾವು ಮಾಡೋದು ಉಲ್ಟಾ. ಮೊದಲು ಕನ್ನಡಕ ತರಿಸುತ್ತೇವೆ, ಫಲಕ ಅಂಟಿಸುತ್ತೇವೆ, ಪೆಟ್ಟಿಗೆಯ ವಿಷಯ ಬಜೆಟ್ ಬಂದಾಗ ನೋಡೋಣ ಅಂತೀವಿ. ಆದರೆ ಲೆಕ್ಕ ಹಾಕಿ: ಕತ್ತರಿಸುವ ಯಂತ್ರದೊಳಗಿನ ಲೇಸರ್ ಕ್ಲಾಸ್ 4. ಭದ್ರವಾದ ಪೆಟ್ಟಿಗೆ, ಸರಿಯಾದ ಇಂಟರ್‌ಲಾಕ್ ಇದ್ದರೆ ಅದೇ ಯಂತ್ರ ಕ್ಲಾಸ್ 1, ಅಂದರೆ ಮುಚ್ಚಿದ್ದಷ್ಟು ಹೊತ್ತು ನಿರಪಾಯ. ಹದಿನೆಂಟರ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ಪ್ರಾಜೆಕ್ಟ್ ಮುಗಿಸಬಹುದು. ಸಬ್ಮಿಶನ್ ಹತ್ತಿರ ಬಂತು ಅಂತ ಯಾರೋ ಮುಚ್ಚಳದ ಸ್ವಿಚ್ಚಿಗೆ ತುಂಡು ವೈರ್ ಸುತ್ತಿ ಬೈಪಾಸ್ ಮಾಡಿದರೆ, ಆ ಕ್ಷಣಕ್ಕೆ ಅವಳು ನಿಂತಿರೋದು 1976ಕ್ಕಿಂತ ಹಿಂದಿನ ಲ್ಯಾಬಿನಲ್ಲಿ.